ಮೂಗಿನ ಅಳತೆ, ಇಸ್ಪೀಟಿನ ಕಟ್ಟು ಮತ್ತು ನಾನು ಓದದೇ ಹಂಚಿದ ಡಿಎನ್‌ಎ ವರದಿ

ಇದು ಉದ್ದದ ಬರಹ. ಪುರುಸೊತ್ತು ಮಾಡ್ಕೊಂಡು ಓದಿ, ಅರ್ಧ ಓದಿ ಶೇರ್ ಮಾಡಬೇಡಿ. ಯಾಕೆ ಅಂತ ಓದ್ತಾ ಓದ್ತಾ ಗೊತ್ತಾಗುತ್ತೆ.

ಹತ್ತು ವರ್ಷಕ್ಕೂ ಮೇಲೆ ನಾನು ಒಂದು ಸಂದೇಶವನ್ನ ಊರೆಲ್ಲಾ ಹಂಚಿದ್ದೇನೆ. ನಿಮ್ಮಲ್ಲಿ ಬಹಳ ಜನರಿಗೆ ನನ್ನಿಂದಲೇ ಬಂದಿರಬಹುದು. "2001ರ ಡಿಎನ್‌ಎ ವರದಿಯಿಂದ ಸಾಬೀತು, ಬ್ರಾಹ್ಮಣರು ವಿದೇಶಿಯರು" ಅನ್ನೋದು ಅದರ ತಲೆಬರಹ. ಕೆಳಗೆ ದಶಮಾಂಶದ ಸಮೇತ ಶೇಕಡಾ ಲೆಕ್ಕ. ಭಾಷಣದಲ್ಲಿ ಹೇಳಿದ್ದೇನೆ, ಕರಪತ್ರದಲ್ಲಿ ಅಚ್ಚು ಹಾಕಿಸಿದ್ದೇನೆ, ಮಿರ್ಜಾನದ ಬಸ್ ಸ್ಟಾಪಿನಲ್ಲಿ ನಿಂತು ವಾದವನ್ನೂ ಮಾಡಿದ್ದೇನೆ.

ಕಳೆದ ಏಪ್ರಿಲ್ 14ರ ತಯಾರಿ ಸಭೆಯಲ್ಲಿ ನಮ್ಮ ಕೇರಿಯ ಹುಡುಗಿ, ಬಿಎಸ್ಸಿ ಓದ್ತಾ ಇರೋಳು, ಎಲ್ಲರೆದುರು ಕೇಳಿದಳು: "ಮಾವ, ಆ ವರದಿ ನೀವು ಓದಿದ್ರಾ?" ಓದಿರಲಿಲ್ಲ. ಸುಳ್ಳು ಹೇಳೋಕೆ ಬಾಯಿ ಬರಲಿಲ್ಲ. "ಅದು ಪುಕ್ಕಟೆ ಸಿಗ್ತದೆ ಮಾವ" ಅಂತ ಅಲ್ಲೇ ಮೊಬೈಲಿಗೆ ಕಳಿಸಿದಳು.

ಮೊದಲ ರಾತ್ರಿ ನಾಲ್ಕು ಸಾಲು ದಾಟಲಿಲ್ಲ. ನನ್ನದು ಬಿಎ, ಅದೂ ಎರಡನೇ ಸಲಕ್ಕೆ ಪಾಸು. ಆಮೇಲೆ ಒಂದು ಉಪಾಯ ಹೊಳೀತು. ನಾನು ಗುಮಾಸ್ತ. ಇಪ್ಪತ್ತು ವರ್ಷದಿಂದ ಕಡತ ನೋಡ್ತಾ ಇದ್ದೇನೆ. ಅರ್ಜಿ ಬಂದರೆ ಮೇಲಿನ ವಿನಮ್ರ ವಿನಂತಿಯನ್ನ ನಾವು ಓದೋದಿಲ್ಲ, ಮೊದಲು ಲಗತ್ತು ನೋಡ್ತೇವೆ. ಯಾರ ಹೆಸರು, ಯಾವ ಊರು, ಎಷ್ಟು ಜನ, ಯಾವ ತಾರೀಕು. ವಿಜ್ಞಾನದ ಪ್ರಬಂಧವನ್ನೂ ಹಾಗೇ ಓದಿದೆ.

ಓದಿದ್ದು ಇಷ್ಟು. ಅಮೆರಿಕದ ಯೂಟಾ ವಿಶ್ವವಿದ್ಯಾಲಯದ ಮೈಕೆಲ್ ಬಾಮ್‌ಶಾದ್ ಮತ್ತು ಸಂಗಡಿಗರು 2001ರಲ್ಲಿ ಬರೆದದ್ದು. ರಕ್ತ ಕೊಟ್ಟವರು ಸುಮಾರು 265 ಗಂಡಸರು, ಎಂಟು ಜಾತಿಯವರು, ಎಲ್ಲರೂ ಆಂಧ್ರಪ್ರದೇಶದವರು. ತಾಯಿಯಿಂದ ಮಾತ್ರ ಮಕ್ಕಳಿಗೆ ಬರೋ ಡಿಎನ್‌ಎ ನೋಡಿದರೆ ಎಲ್ಲ ಜಾತಿಗಳೂ ಹೆಚ್ಚಾಗಿ ಏಷ್ಯಾದವರ ಹತ್ತಿರ. ತಂದೆಯಿಂದ ಮಗನಿಗೆ ಬರೋ ಭಾಗ ನೋಡಿದರೆ ಯುರೋಪಿನವರ ಹೋಲಿಕೆ ಕಾಣ್ತದೆ, ಮೇಲ್ಜಾತಿಗೆ ಹೋದ ಹಾಗೆ ಅದು ಹೆಚ್ಚು. ಹೆಚ್ಚು ಕಡಿಮೆ, ಅಷ್ಟೇ. ಈ ಕಡೆಯವರು ಪೂರಾ ಸ್ವದೇಶಿ, ಆ ಕಡೆಯವರು ಪೂರಾ ವಿದೇಶಿ ಅನ್ನೋ ಗೋಡೆ ಅದರಲ್ಲಿಲ್ಲ. ನಾನು ಹಂಚಿದ ಆ ದಶಮಾಂಶದ ಸಂಖ್ಯೆಯಂತೂ ಎಷ್ಟು ಹುಡುಕಿದರೂ ಸಿಗಲಿಲ್ಲ. ಎಂಟು ಜಾತಿಯ 265 ಜನರ ಮೇಲೆ ಇಡೀ ದೇಶದ ಇತಿಹಾಸವನ್ನ ನಾವು ಹೊರಿಸಿಬಿಟ್ಟಿದ್ದೆವು.

ಬೇಜಾರಾಯ್ತು, ನಿಜ. ಆದರೆ ಓದೋದು ಬಿಡಲಿಲ್ಲ. ಬಿಡದೇ ಇದ್ದದ್ದಕ್ಕೆ ಸಿಕ್ಕಿದ್ದು ನಾನು ಹಂಚಿದ್ದಕ್ಕಿಂತ ದೊಡ್ಡದು.

ಅದನ್ನ ಹೇಳೋಕೆ ಮುಂಚೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ಮೈಯನ್ನ ಅಳೆದು ಜಾತಿ ಹೇಳೋ ಕೆಲಸ ಶುರುವಾಗಿದ್ದು ಡಿಎನ್‌ಎಯಿಂದಲ್ಲ, ಮೂಗಿನಿಂದ. ಹರ್ಬರ್ಟ್ ರಿಸ್ಲೆ ಅಂತ ಒಬ್ಬ ಬ್ರಿಟಿಷ್ ಅಧಿಕಾರಿ, 1901ರ ಜನಗಣತಿಯ ಕಮಿಷನರ್. ಮೂಗಿನ ಅಗಲ ಉದ್ದ ಅಳೆದು, ಮೂಗು ಅಗಲವಾದಷ್ಟೂ ಜಾತಿ ಕೆಳಗೆ ಅಂತ ಸಿದ್ಧಾಂತ ಕಟ್ಟಿದ. ಅದಕ್ಕೂ ವಿಜ್ಞಾನ ಅಂತಲೇ ಹೆಸರು. ಅಳೆಯೋ ಇಕ್ಕಳ ಅವರ ಕೈಯಲ್ಲಿ, ಮೂಗು ನಮ್ಮದು.

ಬಾಬಾಸಾಹೇಬರು ಇದಕ್ಕೆ ಉತ್ತರ ಕೊಟ್ಟ ರೀತಿ ನೋಡಿ. 1916ರ ಮೇ 9, ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯ, 25ರ ಪ್ರಾಯ. ಜಾತಿಗಳ ಹುಟ್ಟಿನ ಬಗ್ಗೆ ಅವರು ಓದಿದ ಪ್ರಬಂಧ ಮರುವರ್ಷ 'ಇಂಡಿಯನ್ ಆಂಟಿಕ್ವರಿ'ಯಲ್ಲಿ ಅಚ್ಚಾಯ್ತು. ಜಾತಿಯ ಗುಟ್ಟು ರಕ್ತದಲ್ಲಿಲ್ಲ, ಮದುವೆಯಲ್ಲಿದೆ ಅನ್ನೋದು ಅದರ ತಿರುಳು. ಮೊದಲು ಜನ ಬೆರೆತಿದ್ದರು, ಆಮೇಲೆ ಒಂದು ಗುಂಪು ಬಾಗಿಲು ಮುಚ್ಚಿಕೊಂಡಿತು, ಅದನ್ನ ನೋಡಿ ಉಳಿದವರೂ ಮುಚ್ಚಿಕೊಂಡರು. ಒಳಮದುವೆಯೇ ಜಾತಿ. 1936ರ 'ಜಾತಿ ವಿನಾಶ'ದಲ್ಲಿ ಇನ್ನೂ ಖಡಕ್ಕಾಗಿ ಹೇಳಿದರು: ಪಂಜಾಬಿನ ಬ್ರಾಹ್ಮಣ ಮತ್ತು ಮದ್ರಾಸಿನ ಬ್ರಾಹ್ಮಣ ಒಂದೇ ಕುಲದವರಲ್ಲ, ಅವರವರ ಪ್ರಾಂತ್ಯದ ಅಸ್ಪೃಶ್ಯನ ಜೊತೆಗೇ ಅವರ ಕುಲ ಸೇರ್ತದೆ ಅಂತ. 1948ರ ಅಸ್ಪೃಶ್ಯರ ಕುರಿತ ಪುಸ್ತಕದಲ್ಲಂತೂ ಆ ಮೂಗಿನ ಅಳತೆಯ ಅಂಕಿಗಳನ್ನೇ ತೆಗೆದುಕೊಂಡು, ಈ ಲೆಕ್ಕ ನಂಬೋದಾದರೆ ಬ್ರಾಹ್ಮಣರೂ ಅಸ್ಪೃಶ್ಯರೂ ಒಂದೇ ಕುಲ ಅಂತ ತೋರಿಸಿದರು. ಅಂಕಿಗೆ ಹೆದರಿ ಓಡಲಿಲ್ಲ. ಕೂತು ಓದಿದರು. ಅವರ ಫೋಟೋ ಕೆಳಗೆ ಕೂತು ನಾನು ರಕ್ತದ ಕಥೆ ಹೇಳ್ತಾ ಇದ್ದೆ.

ಈಗ ಹೊಸ ಸಂಶೋಧನೆಗೆ ಬರೋಣ. 2009ರಲ್ಲಿ ಹೈದರಾಬಾದಿನ ಸಿಸಿಎಂಬಿಯ ಲಾಲ್‌ಜಿ ಸಿಂಗ್, ತಂಗರಾಜ್ ಮತ್ತು ಹಾರ್ವರ್ಡ್‌ನ ಡೇವಿಡ್ ರೈಕ್ ತಂಡ 25 ಸಮುದಾಯಗಳ 132 ಜನರ ಡಿಎನ್‌ಎ ನೋಡಿತು. ಇಲ್ಲಿಯ ಬಹುತೇಕ ಎಲ್ಲರೂ ಎರಡು ಹಳೆಯ ಜನಸಮೂಹಗಳ ಬೆರಕೆ. ಒಂದನ್ನ ಉತ್ತರದ ಪೂರ್ವಜರು, ಇನ್ನೊಂದನ್ನ ದಕ್ಷಿಣದ ಪೂರ್ವಜರು ಅಂತ ಕರೆದರು. ಹೆಚ್ಚಿನ ಸಮುದಾಯಗಳಲ್ಲಿ ಉತ್ತರದ ಪಾಲು ಶೇ. 39ರಿಂದ 71. ಮೇಲ್ಜಾತಿಗಳಲ್ಲಿ ಅದು ಹೆಚ್ಚು, ಇದನ್ನ ಮುಚ್ಚಿಡೋದು ಬೇಡ. ಆದರೆ ಅಂಡಮಾನಿನ ಆದಿವಾಸಿಗಳಂಥವರನ್ನ ಬಿಟ್ಟರೆ ಸೊನ್ನೆಯೂ ಇಲ್ಲ, ನೂರು ಯಾರಲ್ಲೂ ಇಲ್ಲ.

2013ರಲ್ಲಿ ಪ್ರಿಯಾ ಮೂರ್ಜಾನಿ ಮತ್ತು ಇದೇ ತಂಡ ಮುಂದಿನ ಪ್ರಶ್ನೆ ಕೇಳಿತು: ಬೆರೆತದ್ದು ಯಾವಾಗ? ಈ ಸಲ 73 ಸಮುದಾಯಗಳು. ಉತ್ತರ: ಸುಮಾರು 4,200 ವರ್ಷಗಳಿಂದ 1,900 ವರ್ಷಗಳ ಹಿಂದಿನವರೆಗೆ. ಭಿಲ್ಲರಂಥ ದೂರದ ಸಮುದಾಯಗಳೂ ಅದರಲ್ಲಿ ಬೆರೆತಿದ್ದರು. ಆಮೇಲೆ ನಿಂತುಹೋಯ್ತು. ಯಾಕೆ ಅನ್ನೋದಕ್ಕೆ ಆ ಪ್ರಬಂಧ ಬಳಸೋ ಪದ ಬಾಬಾಸಾಹೇಬರ ಪದವೇ. ಒಳಮದುವೆ.

"ಎರಡು ಸಾವಿರ ವರ್ಷದ ಹಿಂದಿನದು ಅವರಿಗೆ ಹೇಗೆ ಗೊತ್ತು ಮಾರಾಯ್ರೆ?" ಅಂತ ಒಬ್ಬರು ಕೇಳಿದರು. ಸರಿಯಾದ ಪ್ರಶ್ನೆ. ಇದನ್ನ ಅರ್ಥ ಮಾಡ್ಕೊಳ್ಳೋಕೆ ನನಗೆ ಮೂರು ವಾರ ಬೇಕಾಯ್ತು. ಕೊನೆಗೆ ಇಸ್ಪೀಟಿನಿಂದ ತಲೆಗೆ ಹೋಯ್ತು. ಕೆಂಪು ಬೆನ್ನಿನ ಒಂದು ಕಟ್ಟು, ನೀಲಿ ಬೆನ್ನಿನ ಒಂದು ಕಟ್ಟು ತಗೊಳ್ಳಿ. ಒಂದರ ಮೇಲೊಂದು ಇಟ್ಟು ಕಲಸಿ. ಒಂದೇ ಸಲ ಕಲಸಿದರೆ ಕೆಂಪೆಲೆಗಳ ದೊಡ್ಡ ದೊಡ್ಡ ಗುಂಪು ಹಾಗೇ ಉಳೀತದೆ. ಹತ್ತು ಸಲ ಕಲಸಿದರೆ ಗುಂಪು ಚೂರುಚೂರು. ಗುಂಪಿನ ಗಾತ್ರ ನೋಡಿ ಎಷ್ಟು ಸಲ ಕಲಸಿದ್ದಾರೆ ಅಂತ ಅಂದಾಜು ಮಾಡಬಹುದು. ಅಪ್ಪನಿಂದ ಒಂದು, ಅಮ್ಮನಿಂದ ಒಂದು ಬಂದ ಡಿಎನ್‌ಎ ಎಳೆಗಳು ಮುಂದಿನ ಪೀಳಿಗೆಗೆ ಹೋಗುವಾಗ ತುಂಡು ಅದಲುಬದಲು ಮಾಡಿಕೊಳ್ತವೆ. ಪ್ರತಿ ಪೀಳಿಗೆಯೂ ಒಂದು ಕಲಸು. ಪೀಳಿಗೆಗೆ ಸುಮಾರು 29 ವರ್ಷ ಅಂತ ಹಿಡಿದರೆ ಲೆಕ್ಕ ಬಂತು. ಹೊರಗಿನಿಂದ ಹೊಸ ಎಲೆ ಬರ್ತಾ ಇದ್ದರೆ ದೊಡ್ಡ ಗುಂಪುಗಳು ಮತ್ತೆ ಮತ್ತೆ ಕಾಣ್ತಿದ್ದವು. ಬಾಗಿಲು ಮುಚ್ಚಿದ ಮೇಲೆ ಇದ್ದ ಎಲೆಗಳೇ ಕಲಸ್ತಾ ಸಣ್ಣದಾಗ್ತಾ ಹೋಗ್ತವೆ.

2016ರಲ್ಲಿ ಪಶ್ಚಿಮ ಬಂಗಾಳದ ಕಲ್ಯಾಣಿಯ ಪಾರ್ಥ ಮಜುಂದಾರ್ ತಂಡ ಬೇರೆ ಲೆಕ್ಕ ಹಾಕಿತು. ಬೆರಕೆ ನಿಂತದ್ದು ಸುಮಾರು 70 ಪೀಳಿಗೆ ಹಿಂದೆ, ಗುಪ್ತರ ಕಾಲದ ಹೊತ್ತಿಗೆ ಅಂದರು. 2013ರ ಲೆಕ್ಕಕ್ಕೂ ಇದಕ್ಕೂ ನೂರಾರು ವರ್ಷದ ಫರಕು ಇದೆ. ನಮಗೆ ಬೇಕಾದ ತಾರೀಕು ಮಾತ್ರ ಹೆಕ್ಕಿಕೊಂಡು ಇನ್ನೊಂದನ್ನ ಬಿಡೋದು ಬೇಡ, ಎರಡನ್ನೂ ಹೇಳೋಣ. ಪತ್ರಿಕೆಗಳನ್ನ ನಂಬಿ ಕೂರೋ ಹಾಗೂ ಇಲ್ಲ. 2019ರಲ್ಲಿ ರಾಖಿಗಢಿಯ ಒಬ್ಬ ಹೆಂಗಸಿನ ಅಸ್ಥಿಯ ಡಿಎನ್‌ಎ ಬಂದಾಗ "ಆರ್ಯರು ಬಂದೇ ಇಲ್ಲ" ಅಂತ ದೊಡ್ಡಕ್ಷರದಲ್ಲಿ ಹಾಕಿದರು. ಆಕೆಯಲ್ಲಿ ಹುಲ್ಲುಗಾವಲಿನ ಪಶುಪಾಲಕರ ಅಂಶ ಇರಲಿಲ್ಲ, ನಿಜ. ಅದೇ ಹೊತ್ತಿಗೆ ಬಂದ, 523 ಪ್ರಾಚೀನ ಜನರ ಡಿಎನ್‌ಎ ನೋಡಿದ ಇನ್ನೊಂದು ಪ್ರಬಂಧ, ಆ ಅಂಶ ಅವಳ ಕಾಲದ ನಂತರ ಬಂತು ಅಂತ ಹೇಳ್ತು. ಒಬ್ಬಳೇ ಹೆಂಗಸು, ಅವಳ ಹೆಸರಲ್ಲಿ ಎಷ್ಟು ಭಾಷಣ! ನಮ್ಮ 265 ಗಂಡಸರ ಕಥೆಯೂ ಹೀಗೇ ಅಲ್ವಾ.

ನಮ್ಮ ಜಿಲ್ಲೆಯದೂ ಒಂದಿದೆ. ಮಿರ್ಜಾನ ಕೋಟೆಗೆ ಬರೋ ಪ್ರವಾಸಿಗಳಿಗೆ ಕಾಳುಮೆಣಸಿನ ರಾಣಿ ಚೆನ್ನಭೈರಾದೇವಿ ಕಥೆ ಹೇಳ್ತಾರೆ, ಅಘನಾಶಿನಿಯಲ್ಲಿ ಹಡಗು ಬರ್ತಿತ್ತು, ಪೋರ್ಚುಗೀಸರು ಮೆಣಸಿಗೆ ಕಾಯ್ತಿದ್ದರು ಅಂತ. ಅದೇ ಪೋರ್ಚುಗೀಸರು ಆಫ್ರಿಕಾದಿಂದ ಗುಲಾಮರಾಗಿ ತಂದವರ ಮಕ್ಕಳು ಮೇಲೆ ಯಲ್ಲಾಪುರ, ಹಳಿಯಾಳದ ಕಾಡಲ್ಲಿದ್ದಾರೆ, ನಮ್ಮ ಸಿದ್ದಿ ಬಂಧುಗಳು. ಕೋಟೆಯ ಕಥೆಯಲ್ಲಿ ಅವರು ಬರೋದಿಲ್ಲ. 2011ರಲ್ಲಿ ಸಿಸಿಎಂಬಿಯ ತಂಡ ಕರ್ನಾಟಕ ಮತ್ತು ಗುಜರಾತಿನ ಸಿದ್ದಿಗಳ ಡಿಎನ್‌ಎ ಓದಿತು. ಪೂರ್ವಜರು ಆಫ್ರಿಕಾದ ಬಂಟು ಭಾಷಿಕರು, ಜೊತೆಗೆ ಇಲ್ಲಿಯ ಜನ, ಪ್ರಾಯಶಃ ಪೋರ್ಚುಗೀಸರೂ. ಇಲ್ಲಿಯವರ ಜೊತೆ ಬೆರೆತದ್ದು ಹೆಚ್ಚುಕಡಿಮೆ ಎಂಟು ಪೀಳಿಗೆಯ ಒಳಗೆ, ಅಂದರೆ ಸುಮಾರು 200 ವರ್ಷ. ಇದಕ್ಕೂ ಬಹಳ ಮೊದಲು, 1980ರ ದಶಕದ ಕೊನೆಯಲ್ಲಿ, ಸಿದ್ದಿ ಮಕ್ಕಳು ಹುಟ್ಟಾ ಓಟಗಾರರು ಅಂತ ಕ್ರೀಡಾ ಪ್ರಾಧಿಕಾರ ಆರಿಸಿಕೊಂಡು ಹೋಗಿ, ಕೆಲವೇ ವರ್ಷದಲ್ಲಿ ಯೋಜನೆ ನಿಲ್ಲಿಸಿತು. ರಕ್ತ ನೋಡಿ ಹೊಗಳೋದೂ ಒಂದು ತರಹದ ಮೂಗಿನ ಅಳತೆಯೇ. ಪರಿಶಿಷ್ಟ ಪಂಗಡದ ಪಟ್ಟಿಗೆ ಅವರು ಸೇರಿದ್ದು 2003ರಲ್ಲಿ. ಅದಕ್ಕೆ ಡಿಎನ್‌ಎ ಬೇಕಾಗಲಿಲ್ಲ, ಹೋರಾಟ ಬೇಕಾಯ್ತು.

ಆಸ್ಪತ್ರೆಗೆ ಸಂಬಂಧಪಟ್ಟದ್ದೂ ಒಂದು ಹೇಳಿಬಿಡ್ತೇನೆ. 2017ರಲ್ಲಿ 260ಕ್ಕೂ ಹೆಚ್ಚು ಸಮುದಾಯಗಳನ್ನ ನೋಡಿದ ಅಧ್ಯಯನದಲ್ಲಿ, ಸಣ್ಣ ಗುಂಪಾಗಿ ಒಳಗೊಳಗೇ ಮದುವೆ ಮಾಡ್ಕೊಂಡ ಗುರುತು 81ರಲ್ಲಿ ಬಹಳ ಗಾಢವಾಗಿ ಕಂಡಿತು. ಆಂಧ್ರದ ವೈಶ್ಯ ಸಮುದಾಯದಲ್ಲಿ ಒಂದು ಕಿಣ್ವದ ಕೊರತೆ ಬೇರೆಯವರಿಗಿಂತ ಸುಮಾರು ನೂರು ಪಟ್ಟು. ಆಪರೇಷನ್ನಿಗೆ ಮುಂಚೆ ಸ್ನಾಯು ಸಡಿಲಿಸೋಕೆ ಕೊಡೋ ಒಂದು ಔಷಧ ಅಂಥವರಿಗೆ ಬೇಗ ಇಳಿಯೋದಿಲ್ಲ, ಉಸಿರಿಗೇ ತೊಂದರೆ. ಯಾರು ಯಾರಿಗೆ ಯಾವ ಪರೀಕ್ಷೆ ಬೇಕು ಅಂತ ನಾಳೆ ತೀರ್ಮಾನ ಆಗುವಾಗ ನಮ್ಮ ಕೇರಿಯ ಲೆಕ್ಕ ಅದರಲ್ಲಿ ಇರ್ತದಾ? ನನಗಂತೂ ಆರ್ಯರ ಚರ್ಚೆಗಿಂತ ಇದೇ ಜಾಸ್ತಿ ತುರ್ತಿನದು ಅನಿಸ್ತದೆ.

ಇದನ್ನೆಲ್ಲ ಕೇರಿಯ ಸಭೆಯಲ್ಲಿ ಹೇಳೋಕೆ ಹೋಗಿ ಮೊದಲ ವಾಕ್ಯದಲ್ಲೇ ಮುಗ್ಗರಿಸಿದೆ. ಕ್ರೋಮೋಸೋಮಿಗೆ ಪಠ್ಯಪುಸ್ತಕದ ಕನ್ನಡ 'ವರ್ಣತಂತು'. ಬಣ್ಣ ಹಾಕಿದಾಗ ಸೂಕ್ಷ್ಮದರ್ಶಕದಲ್ಲಿ ಕಂಡ ಎಳೆ ಅಂತ ಆ ಹೆಸರು. ನಾನು ವರ್ಣತಂತು ಅಂದದ್ದೇ ತಡ, ಹಿಂದಿನಿಂದ ಒಬ್ಬ, "ಅಣ್ಣಾ, ಅದರಲ್ಲೂ ನಾಲ್ಕು ವರ್ಣ ಇದ್ಯಾ?" ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ಅವನು ತಮಾಷೆಗೆ ಕೇಳಿರಲಿಲ್ಲ. 1918ರಲ್ಲೇ ಬೆಳ್ಳಾವೆ ವೆಂಕಟನಾರಣಪ್ಪನವರು 'ವಿಜ್ಞಾನ' ಅಂತ ಕನ್ನಡ ಪತ್ರಿಕೆ ತೆಗೆದರು, ದೊಡ್ಡ ಕೆಲಸ. ಆ ದಾರಿಯಲ್ಲಿ ಬಂದ ಪದಗಳನ್ನ ಕಟ್ಟುವಾಗ ನಮ್ಮ ಕೇರಿಯವರು ಯಾರೂ ಆ ಕೋಣೆಯಲ್ಲಿ ಇರಲಿಲ್ಲ, ಇದ್ದಿದ್ದರೆ ಈ ಪದ ಪಾಸಾಗ್ತಿರಲಿಲ್ಲ. ಸದ್ಯಕ್ಕೆ ನಾವು 'ಎಳೆ' ಅಂತ ಹೇಳ್ತಾ ಇದ್ದೇವೆ.

ಸಭೆ ಮುಗಿಯುವಾಗ ದೊಡ್ಡಮ್ಮ ಒಬ್ಬರು, ಶಾಲೆ ಮೆಟ್ಟಿಲು ಹತ್ತದವರು, ಇಸ್ಪೀಟಿನ ಎಲೆ ಕೈಯಲ್ಲಿ ಹಿಡ್ಕೊಂಡೇ ಕೇಳಿದರು: "ಬಾಗಿಲು ಮುಚ್ಚಿದ್ದು ಯಾವಾಗ ಅಂದೆ, ಸರಿ ತಮಾ. ಮುಚ್ಚಿದ್ದು ಯಾರು ಅಂತ ಅದರಲ್ಲಿ ಬರ್ದಿದ್ಯಾ?"

ಇಲ್ಲ ದೊಡ್ಡಮ್ಮ, ಅದು ಡಿಎನ್‌ಎಯಲ್ಲಿ ಕಾಣೋದಿಲ್ಲ ಅಂದೆ. ಅದಕ್ಕೆ ಶಾಸನ, ಸ್ಮೃತಿ, ಜಮೀನಿನ ದಾಖಲೆ, ನಿಮ್ಮಂಥವರ ನೆನಪು, ಇವನ್ನೇ ನೋಡಬೇಕು.

ಹಳೇ ಕರಪತ್ರದ ಉಳಿದ ಪ್ರತಿಗಳನ್ನ ಹಂಚೋದು ನಿಲ್ಲಿಸಿದ್ದೇನೆ. ಯಾರ ಹತ್ರ ಆ ಸಂದೇಶ ಇನ್ನೂ ಓಡಾಡ್ತಾ ಇದ್ಯೋ ಅವರಿಗೆ ಈ ಬರಹ ಕಳಿಸಿ. ಮುಂದಿನ ಭಾನುವಾರ ಸಂಜೆ ಸಿದ್ದಿಗಳ ಪ್ರಬಂಧ ಓದೋದು ಅಂತ ಆಗಿದೆ. ಇಂಗ್ಲಿಷ್ ಓದಿ ಹೇಳೋದು ಆ ಹುಡುಗಿ, ಲಗತ್ತು ನೋಡೋದು ನಾನು. ಇಸ್ಪೀಟಿನ ಎರಡು ಕಟ್ಟು ಯಾರಾದರೂ ತನ್ನಿ, ಹೋದ ಸಲದ್ದರಲ್ಲಿ ಏಳೆಂಟು ಎಲೆ ಕಾಣೆ.