ಅಳಿಸೋ ಕೈ ಯಾರದ್ದು? ಶಾನುಭೋಗರ ಕಡತದಿಂದ ‘ಭೂಮಿ’ ಕಂಪ್ಯೂಟರಿನ ತನಕ

ಪೋಸ್ಟ್ ಸ್ವಲ್ಪ ಉದ್ದ ಇದೆ. ಪುರುಸೊತ್ತು ಮಾಡ್ಕೊಂಡು ಓದಿ. ಊರಲ್ಲಿ ದರಖಾಸ್ತು ಜಮೀನು ಇರೋರು ತಪ್ಪದೆ ಕೊನೇವರೆಗೂ ಓದಿ.

ಹೋದ ವಾರ ನಮ್ಮ ಆಫೀಸಲ್ಲಿ ಊಟದ ಹೊತ್ತಿಗೆ ಒಂದು ಮಾತು ಬಂತು. ಜೊತೆಗೆ ಕೆಲಸ ಮಾಡೋರೊಬ್ಬರು, ಮನುಷ್ಯ ಒಳ್ಳೆಯವರೇ, ನಗುತ್ತಲೇ ಕೇಳಿದ್ರು: “ಇನ್ನೂ ಎಷ್ಟು ದಿನ ಜಾತಿ ಜಾತಿ ಅಂತೀರಾ ಸಾರ್? ಈಗೆಲ್ಲ ಆನ್‌ಲೈನು. ಕಂಪ್ಯೂಟರ್‌ಗೆ ಜಾತಿ ಗೊತ್ತಾ?”

ನಾನು ತಕ್ಷಣ ಉತ್ತರ ಕೊಡಲಿಲ್ಲ. ಯಾಕಂದ್ರೆ ಅವರು ಹೇಳಿದ್ದರಲ್ಲಿ ಅರ್ಧ ನಿಜ. ನಾನೂ ದಿನಾ ಕಂಪ್ಯೂಟರ್ ಮುಂದೆ ಕೂತು ಸಂಬಳ ಎಣಿಸೋ ಗುಮಾಸ್ತ. ಉಳಿದ ಅರ್ಧಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಆಫೀಸಲ್ಲಿ ನಾವು ದಿನಾ ‘ಕಡತ’ ಅಂತೀವಲ್ಲ, ಫೈಲು, ಆ ಪದ ಎಲ್ಲಿಂದ ಬಂತು ಗೊತ್ತಾ? ಹಿಂದೆ ಕಡತ ಅಂದ್ರೆ ಬಟ್ಟೆ. ಬಟ್ಟೆಗೆ ಇದ್ದಿಲು, ಅಂಟು ಕಲಸಿ ಬಳಿದು, ಒಣಗಿಸಿ, ಮಡಿಚಿ ಇಟ್ಕೊಳ್ಳೋ ಕಪ್ಪು ಪುಸ್ತಕ. ಅದರ ಮೇಲೆ ಬಳಪದಲ್ಲಿ ಬರೀತಿದ್ರು. ಯಾವ ಹೊಲ ಯಾರದ್ದು, ಯಾರು ಎಷ್ಟು ಕಂದಾಯ ಕಟ್ಟಬೇಕು, ಯಾರ ಬಾಕಿ ಎಷ್ಟು, ಎಲ್ಲ ಅದರಲ್ಲಿ. ಸ್ಲೇಟಿನ ಥರಾನೇ. ಒರೆಸಿದರೆ ಅಳಿಸಿಹೋಗುತ್ತೆ, ಮತ್ತೆ ಬರೀಬಹುದು. ಆ ಕಾಲಕ್ಕೆ ಅದೇ ದೊಡ್ಡ ಟೆಕ್ನಾಲಜಿ.

ಅದನ್ನ ಬರೀತಿದ್ದದ್ದು ಶಾನುಭೋಗರು. ಮುಂಬೈ ಪ್ರಾಂತ್ಯದ ಕಡೆ ಕುಲಕರ್ಣಿ, ಬಳ್ಳಾರಿ ಕಡೆ ಕರಣಂ. ಹೆಸರು ಬೇರೆ, ಕೆಲಸ ಒಂದೇ. ಅಪ್ಪನಿಂದ ಮಗನಿಗೆ ಬರೋ ಹುದ್ದೆ, ಹೆಚ್ಚಿನ ಕಡೆ ಬ್ರಾಹ್ಮಣರ ಕೈಯಲ್ಲಿ. ಉತ್ತರ ಕರ್ನಾಟಕದ ಕುಲಕರ್ಣಿಗಳ ಎಷ್ಟೋ ದಾಖಲೆ ಮೋಡಿ ಲಿಪಿಯಲ್ಲಿತ್ತು. ಊರಿನ ರೈತನಿಗೇ ಓದಕ್ಕೆ ಬರ್ತಿರಲಿಲ್ಲ, ಇನ್ನು ಕೇರಿಯವರ ಪಾಡೇನು? ದಾಖಲೆಯಲ್ಲಿ ಏನಿದೆ ಅಂದ್ರೆ, ಅವರು ಓದಿ ಹೇಳಿದ್ದೇ ಇದೆ. ಬರೆಯೋ ಕೈ, ಓದೋ ಕಣ್ಣು, ಅಳಿಸೋ ಬೆರಳು ಮೂರೂ ಒಂದೇ ಮನೆಯದ್ದು.

ಅದೇ ಆಡಳಿತದ ಕೊನೇ ಮೆಟ್ಟಿಲಲ್ಲಿ ನಮ್ಮವರಿದ್ರು. ತೋಟಿ, ತಳವಾರ, ನೀರಗಂಟಿ ಅಂತ ಹುದ್ದೆಗಳು. ನಮ್ಮ ತಾತ ತೋಟಿ. ತಾಲ್ಲೂಕಿಗೆ ಟಪಾಲು ಒಯ್ಯೋದು, ತಮಟೆ ಬಡಿದು ಸಾರೋದು, ಕಂದಾಯದ ಹಣ ಖಜಾನೆಗೆ ಹೋಗೋವಾಗ ಕಾವಲಾಗಿ ನಡೆಯೋದು, ಅಳತೆಗೆ ಬಂದವರಿಗೆ ಬಾಂದು ಕಲ್ಲು ತೋರಿಸೋದು. ಊರಿನ ಒಂದೊಂದು ಹೊಲದ ಎಲ್ಲೆಯೂ ತಾತನಿಗೆ ಗೊತ್ತಿತ್ತಂತೆ. ಕತ್ತಲಲ್ಲಿ ಕೇಳಿದರೂ ಹೇಳ್ತಿದ್ದನಂತೆ. ಆದ್ರೆ ಆ ಎಲ್ಲೆ ಪುಸ್ತಕದಲ್ಲಿ ಹೆಂಗೆ ಬರೆದಿದೆ ಅಂತ ನೋಡಕ್ಕೆ ಶಾನುಭೋಗರ ಜಗಲಿ ಹತ್ತೋ ಹಂಗಿರಲಿಲ್ಲ. ಅಂಗಳದಲ್ಲಿ ನಿಂತು “ಬುದ್ಧೀ” ಅನ್ನಬೇಕಿತ್ತು.

ಈ ಚಾಕರಿ ಬಗ್ಗೆ ಬಾಬಾಸಾಹೇಬರು 1928ರಲ್ಲೇ ಮುಂಬೈ ವಿಧಾನ ಪರಿಷತ್ತಿನಲ್ಲಿ ಮಸೂದೆ ತಂದ್ರು. ಮಹಾರರ ವತನ ಅನ್ನೋದು ಜಮೀನಿನ ಆಸೆ ತೋರಿಸಿ ಇಡೀ ಜಾತಿಯನ್ನ ಊರಿನ ಜೀತಕ್ಕೆ ಕಟ್ಟಿಹಾಕೋ ಹಗ್ಗ ಅನ್ನೋದು ಅವರ ವಾದ. ಬೆಳಗಾವಿ, ಬಿಜಾಪುರ, ಧಾರವಾಡ ಎಲ್ಲ ಆಗ ಮುಂಬೈ ಪ್ರಾಂತ್ಯದಲ್ಲೇ ಇದ್ದವು, ಹಾಗಾಗಿ ಇದು ನಮ್ಮ ಚರಿತ್ರೆಯೂ ಹೌದು. ಮಸೂದೆ ಪಾಸಾಗಲಿಲ್ಲ.

ನಮ್ಮ ರಾಜ್ಯದಲ್ಲಿ ವಂಶಪಾರಂಪರ್ಯ ಗ್ರಾಮ ಹುದ್ದೆ ರದ್ದು ಮಾಡೋ ಕಾಯ್ದೆ ಬಂದದ್ದು 1961ರಲ್ಲಿ, ಜಾರಿಯಾದದ್ದು 1963ರಲ್ಲಿ. ಪಟೇಲ, ಶಾನುಭೋಗ ಹೋದ್ರು, ಸಂಬಳದ ಗ್ರಾಮ ಲೆಕ್ಕಿಗ ಬಂದ. ಬಟ್ಟೆ ಕಡತ ಹೋಗಿ ಕಾಗದದ ರಿಜಿಸ್ಟರು ಬಂದು ಆಗಲೇ ಬಹಳ ಕಾಲ ಆಗಿತ್ತು. ಈಗ ಪಹಣಿ ಅನ್ನೋ ಅಚ್ಚು ಹಾಕಿದ ನಮೂನೆಗೆ ಕಾಲಂಗಳು. ಕಾಲಂ 9ರಲ್ಲಿ ಯಾರ ಹೆಸರಲ್ಲಿದೆ ಅಂತ, 10ರಲ್ಲಿ ಹೆಂಗೆ ಬಂತು ಅಂತ, 11ರಲ್ಲಿ ಇತರೆ ಹಕ್ಕು ಮತ್ತು ಋಣ. ಈ ಕಾಲಂ 11 ನೆನಪಿಟ್ಕೊಳ್ಳಿ.

ನಮ್ಮ ತಾತನಿಗೆ 1969ರಲ್ಲಿ ಎರಡು ಎಕರೆ ದರಖಾಸ್ತು ಮಂಜೂರಾಯ್ತು. ಸಾಗುವಳಿ ಚೀಟಿ ಕೊಟ್ರು. ಕಲ್ಲು ಗುಡ್ಡೆ. ಕಲ್ಲು ಆಯ್ದು, ಕಳ್ಳಿ ಕಿತ್ತು ರಾಗಿ ಬೆಳೆಯೋ ಹೊತ್ತಿಗೆ ತಾತನ ಬೆನ್ನು ಬಾಗಿತ್ತು. 1986ರಲ್ಲಿ ತಾತನ ಕಾಯಿಲೆಗೆ ಅಂತ ಊರಿನ ದೊಡ್ಡ ಮನೆಯಲ್ಲಿ ಸಾಲ ತಂದ್ರು. ಸಾಲದ ಪತ್ರ ಅಂತ ಹೆಬ್ಬೆಟ್ಟು ಒತ್ತಿಸಿಕೊಂಡದ್ದು ಕ್ರಯಪತ್ರಕ್ಕೆ.

ಆ ಹೊತ್ತಿಗೆ ಪಿಟಿಸಿಎಲ್ ಕಾಯ್ದೆ ಇತ್ತು. ದೇವರಾಜ ಅರಸು ಸರ್ಕಾರ 1978ರಲ್ಲಿ ತಂದದ್ದು. ಪರಿಶಿಷ್ಟರಿಗೆ ಸರ್ಕಾರ ಮಂಜೂರು ಮಾಡಿದ ಜಮೀನನ್ನ ಸರ್ಕಾರದ ಅನುಮತಿ ಇಲ್ಲದೆ ಯಾರೂ ಕೊಳ್ಳೋ ಹಾಗಿಲ್ಲ, ಕೊಂಡರೆ ಆ ಕ್ರಯ ಅಸಿಂಧು, ಉಪವಿಭಾಗಾಧಿಕಾರಿ ಜಮೀನನ್ನ ವಾಪಸ್ ಕೊಡಿಸಬೇಕು. 1984ರಲ್ಲಿ ಮಂಚೇಗೌಡ ಪ್ರಕರಣದಲ್ಲಿ ಸುಪ್ರೀಂ ಕೋರ್ಟೂ ಈ ಕಾಯ್ದೆಯನ್ನ ಎತ್ತಿಹಿಡಿದಿತ್ತು. ಕಾನೂನು ಗಟ್ಟಿ. ಆದ್ರೆ ಅದು ನಡೆಯಬೇಕಾದ್ರೆ ಇದು ಮಂಜೂರಾದ ಜಮೀನು ಅಂತ ದಾಖಲೆ ಹೇಳಬೇಕು. ನಮ್ಮ ಕೈಬರಹದ ಪಹಣಿಯ ಕಾಲಂ 11ರಲ್ಲಿ ಹಾಗೆ ಬರೆದಿತ್ತು: ದರಖಾಸ್ತು ಮಂಜೂರು, ಪರಭಾರೆ ಮಾಡಕೂಡದು. ಅಷ್ಟು ಬರೆದಿದ್ರೂ ಖಾತೆ ದೊಡ್ಡ ಮನೆ ಹೆಸರಿಗೆ ಹೋಯ್ತು. ಹೆಂಗೆ ಹೋಯ್ತು ಅಂತ ಕೇಳೋ ಧೈರ್ಯ ನಮ್ಮನೇಲಿ ಯಾರಿಗೂ ಇರಲಿಲ್ಲ. ದೊಡ್ಡ ಮನೆ ಹೊಲದಲ್ಲೇ ಕೂಲಿ ಮಾಡಬೇಕಿತ್ತಲ್ಲ.

ಆಮೇಲೆ ಕಂಪ್ಯೂಟರ್ ಬಂತು.

‘ಭೂಮಿ’ ಯೋಜನೆ 2000ನೇ ಇಸವಿ ಆಸುಪಾಸಿನದು. ಅದಕ್ಕೂ ಮುಂಚೆ ಪಹಣಿ ಕಂಪ್ಯೂಟರಿಗೆ ಹಾಕೋ ಪ್ರಯತ್ನ ನಡೆದಿತ್ತು, ಆದ್ರೆ ತಾಲ್ಲೂಕು ಕಚೇರಿಯಲ್ಲಿ ಮಷೀನೇ ಇಲ್ಲದೆ ಅದು ದಡ ಹತ್ತಿರಲಿಲ್ಲ. ಈ ಸಲ ಸುಮಾರು 2 ಕೋಟಿ ಪಹಣಿ, 67 ಲಕ್ಷ ರೈತರ ದಾಖಲೆಯನ್ನ ಕಂಪ್ಯೂಟರಿಗೆ ತುಂಬಿ, ತಾಲ್ಲೂಕು ತಾಲ್ಲೂಕಿನಲ್ಲೂ ಕೇಂದ್ರ ತೆರೆದ್ರು. ಹದಿನೈದು ರೂಪಾಯಿ ಕೊಟ್ರೆ ಪಹಣಿ. ಕೈಬರಹದ ಪಹಣಿಗೆ ಆಮೇಲೆ ಬೆಲೆಯಿಲ್ಲ.

ಇದರಲ್ಲಿ ಒಳ್ಳೇದೇನಾಯ್ತು ಅಂತ ಹೇಳಲೇಬೇಕು. ಅಲ್ಲೀತನಕ ಸುಮಾರು 9 ಸಾವಿರ ಗ್ರಾಮ ಲೆಕ್ಕಿಗರ ಬ್ಯಾಗಿನಲ್ಲಿ ಇಡೀ ರಾಜ್ಯದ ಭೂದಾಖಲೆ ಇತ್ತು. ಅವರು ಸಿಗಬೇಕು, ಸಿಕ್ರೂ ಮನಸ್ಸು ಮಾಡಬೇಕು, ಕೈ ಬಿಸಿ ಮಾಡಬೇಕು. ಭೂಮಿ ಕೇಂದ್ರದಲ್ಲಿ ಜನಕ್ಕೆ ಕಾಣೋ ಹಾಗೆ ಇನ್ನೊಂದು ಸ್ಕ್ರೀನ್ ಇಟ್ರು. ಬೆರಳಚ್ಚು ಕೊಟ್ಟ ನೌಕರ ಮಾತ್ರ ದಾಖಲೆ ಮುಟ್ಟಬಹುದು, ಯಾರು ಮುಟ್ಟಿದ್ರು ಅಂತ ಗುರುತು ಉಳಿಯುತ್ತೆ. ಖಾತೆ ಬದಲಾವಣೆಗೆ ಮೊದಲು ಬಂದ ಅರ್ಜಿ ಮೊದಲು, ಅದನ್ನ ಬಿಟ್ಟು ಮುಂದಿನದಕ್ಕೆ ಹೋಗಕ್ಕೆ ಸಾಫ್ಟ್‌ವೇರ್ ಬಿಡಲ್ಲ. ಕಚೇರಿಯ ಕೆಲಸದ ರೀತಿಯನ್ನೇ ಮಷೀನು ಬದಲಾಯಿಸಿತು. ಹತ್ತು ಸುತ್ತೋಲೆ ಮಾಡದ ಕೆಲಸ ಅದು, ಗುಮಾಸ್ತನಾಗಿ ನನಗೆ ಗೊತ್ತು.

ನಮ್ಮಪ್ಪ ಮೊದಲ ಸಲ ಕ್ಯೂನಲ್ಲಿ ನಿಂತು ಹದಿನೈದು ರೂಪಾಯಿ ಕೊಟ್ಟು ಪಹಣಿ ತಂದ ದಿನ ನೆನಪಿದೆ. “ಒಬ್ರಿಗೂ ಕೈ ಮುಗೀಲಿಲ್ಲ ಕಣೋ” ಅಂದ. ಅಂಗಳದಲ್ಲಿ ನಿಂತು ಬುದ್ಧೀ ಅಂದವನ ಮಗ ಅವನು. ಆ ಮಾತನ್ನ ನಾನು ಹಗುರ ಮಾಡಲ್ಲ.

ಆದ್ರೆ ಆ ಪಹಣಿಯ ಕಾಲಂ 11 ಖಾಲಿ ಇತ್ತು.

ಹೆಂಗೆ? ಡೇಟಾ ಎಂಟ್ರಿ ಮಾಡಿದ್ದು ಖಾಸಗಿ ಏಜೆನ್ಸಿಗಳ ಹುಡುಗರು. ಪ್ರಿಂಟ್ ತೆಗೆದು ತಾಳೆ ನೋಡಿದ್ದು ಅದೇ ಗ್ರಾಮ ಲೆಕ್ಕಿಗರು. ಟೈಪ್ ಮಾಡಿದವನಿಗೆ ಕೈಬರಹ ಅರ್ಥ ಆಗಲಿಲ್ವೋ, ತಾಳೆ ನೋಡಿದವರು ಕಣ್ಣು ಮುಚ್ಚಿಕೊಂಡ್ರೋ, ಯಾರಾದ್ರೂ ಹೇಳಿ ಬಿಡಿಸಿದ್ರೋ, ಇವತ್ತಿಗೂ ಗೊತ್ತಿಲ್ಲ. ದಾಖಲೆ ತಿದ್ದಿದ್ರೆ ಮಷೀನಲ್ಲಿ ಬೆರಳಚ್ಚಿನ ಗುರುತು ಸಿಗ್ತಿತ್ತು. ಬರೆಯದೇ ಬಿಟ್ಟಿದ್ದಕ್ಕೆ ಯಾರ ಬೆರಳಚ್ಚು ಹುಡುಕೋಣ?

ಕಂಪ್ಯೂಟರ್ ಬಂದ ಮೇಲೆ ಆದ ಬದಲಾವಣೆ ಇದೇ. ಕಡತದಲ್ಲಿ ಅಳಿಸೋಕೆ ಕೈ ಆಡಿಸಬೇಕಿತ್ತು, ಕಾಗದದಲ್ಲಿ ಗೀಚಬೇಕಿತ್ತು. ಕಂಪ್ಯೂಟರಿಗೆ ದಾಟಿಸೋವಾಗ ಸುಮ್ಮನಿದ್ರೆ ಸಾಕಿತ್ತು. ದಾಟಿಸಿದ್ದು ಮಾತ್ರ ಸತ್ಯ, ಉಳಿದದ್ದು ರೆಕಾರ್ಡ್ ರೂಮಿನ ಗೆದ್ದಲಿಗೆ. ಮಷೀನಿಗೆ ಜಾತಿ ಗೊತ್ತಿಲ್ಲ, ನಿಜ. ಜಾತಿ ಗೊತ್ತಿದ್ದವರು ಬರೆದಿಟ್ಟದ್ದನ್ನ, ಬಿಟ್ಟದ್ದನ್ನ, ಅದು ಹಾಗೇ ನಂಬಿಕೊಂಡಿದೆ.

2004ರಲ್ಲಿ ದೊಡ್ಡ ಮನೆಯವರು ಆ ಜಮೀನನ್ನ ಬೆಂಗಳೂರಿನವರಿಗೆ ಮಾರಕ್ಕೆ ಹೊರಟ್ರು. ಕಂಪ್ಯೂಟರ್ ಪಹಣಿ ಕ್ಲೀನ್ ಇತ್ತಲ್ಲ. ನಾವು ಎ.ಸಿ. ಕೋರ್ಟಿಗೆ ಪಿಟಿಸಿಎಲ್ ಅರ್ಜಿ ಹಾಕಿದ್ವಿ. ಎದುರು ವಕೀಲರು ಪಹಣಿ ತೋರಿಸಿ, ಇದು ಮಂಜೂರಾದ ಜಮೀನು ಅಂತ ಎಲ್ಲಿದೆ ಅಂದ್ರು. ಮೂಲ ಕಡತ ಕೇಳಿದ್ರೆ “ಲಭ್ಯವಿಲ್ಲ” ಅಂತ ಹಿಂಬರಹ ಬಂತು. ನಮ್ಮನ್ನ ಉಳಿಸಿದ್ದು ಅಜ್ಜಿಯ ತಗಡಿನ ಟ್ರಂಕು. ಅದರಲ್ಲಿ ಸಾಗುವಳಿ ಚೀಟಿ ಇತ್ತು, 1985ರ ಕೈಬರಹದ ಪಹಣಿ ನಕಲೂ ಇತ್ತು. ಅಜ್ಜಿಗೆ ಓದಕ್ಕೆ ಬರ್ತಿರಲಿಲ್ಲ, ಆದ್ರೆ ಸರ್ಕಾರದ ಮೊಹರು ಇರೋ ಒಂದು ಕಾಗದನೂ ಬಿಸಾಕಿರಲಿಲ್ಲ. 2009ರಲ್ಲಿ ನಮ್ಮ ಪರ ಆದೇಶ ಆಯ್ತು. ಆದೇಶ ಪಹಣಿಗೆ ಏರಕ್ಕೆ ಇನ್ನೂ ಹದಿನಾಲ್ಕು ತಿಂಗಳು.

ಟ್ರಂಕು ಇಲ್ಲದ ಮನೆಗಳ ಕಥೆ? ನಮ್ಮ ಕೇರಿಯಲ್ಲೇ ಬೇಕಾದಷ್ಟಿವೆ.

ಇದು ನಮ್ಮೊಬ್ಬರ ಅನುಭವ ಅಲ್ಲ. ಸೊಲೊಮನ್ ಬೆಂಜಮಿನ್ ಮತ್ತು ಅವರ ಸಂಗಡಿಗರು 2007ರಲ್ಲೇ ಬೆಂಗಳೂರು ಸುತ್ತಮುತ್ತ ಅಧ್ಯಯನ ಮಾಡಿ ಬರೆದ್ರು. ದಾಖಲೆ ಒಂದೇ ಕಡೆ ಸೇರಿದ್ದು ದೊಡ್ಡ ದೊಡ್ಡ ಭೂಮಿ ಕೊಳ್ಳೋರಿಗೆ ಅನುಕೂಲ ಆಯ್ತು, ಲಂಚವೂ ನಿಲ್ಲಲಿಲ್ಲ ಅಂತ. ವಿಶ್ವಬ್ಯಾಂಕು ಹೊಗಳಿದ್ದ ಯೋಜನೆಗೇ ಈ ಮಾತು.

ಮುಂದಿನದೂ ಅದೇ ದಾರಿ. 2017ರಲ್ಲಿ ಸುಪ್ರೀಂ ಕೋರ್ಟು, ಪಿಟಿಸಿಎಲ್ ಅರ್ಜಿಯನ್ನ ಸಮಂಜಸ ಕಾಲದೊಳಗೆ ಹಾಕಬೇಕು ಅಂತು. ಅದನ್ನ ಹಿಡಿದು ಎಷ್ಟೋ ಪ್ರಕರಣ ಬಿದ್ದುಹೋದವು. ನಮ್ಮದೂ 18 ವರ್ಷ ತಡವಾಗಿ ಹಾಕಿದ್ದೇ. ಆ ತೀರ್ಪಿಗೆ ಮುಂಚೆ ಮುಗಿದದ್ದು ನಮ್ಮ ಅದೃಷ್ಟ. ಹೋರಾಟ ನಡೆದು 2023ರಲ್ಲಿ ಕಾಲಮಿತಿ ಇಲ್ಲ ಅಂತ ತಿದ್ದುಪಡಿ ಬಂತು. ಕೋರ್ಟುಗಳಲ್ಲಿ ವಾದ ಇನ್ನೂ ಮುಗಿದಿಲ್ಲ. ತಡ ಯಾಕಾಯ್ತು ಅಂತ ಕೇಳೋರು, ದಾಖಲೆ ಯಾರ ಕೈಯಲ್ಲಿತ್ತು ಅಂತ ಯಾಕೆ ಕೇಳಲ್ಲ?

ಈಗ ಪರಿಹಾರ, ವಿಮೆ ಬರಬೇಕಾದ್ರೆ ಫ್ರೂಟ್ಸ್ ಐಡಿ ಬೇಕು. ಅದಕ್ಕೆ ಪಹಣಿ ನಿಮ್ಮ ಹೆಸರಲ್ಲಿರಬೇಕು. ನಮ್ಮ ಕೇರಿಗಳಲ್ಲಿ ಪಹಣಿ ಇನ್ನೂ ಸತ್ತ ತಾತನ ಹೆಸರಲ್ಲಿದೆ. ಬೆಳೆ ನಮ್ಮದು ಒಣಗಿದ್ರೂ ಕಂಪ್ಯೂಟರ್ ಪ್ರಕಾರ ನಾವು ರೈತರೇ ಅಲ್ಲ. ಬಗರ್ ಹುಕುಂ ಅರ್ಜಿಗೆ ಉಪಗ್ರಹ ಚಿತ್ರ ನೋಡ್ತಾರೆ. ಸುಳ್ಳು ಅರ್ಜಿ ತಡೆಯೋಕೆ ಒಳ್ಳೇದೇ. ಆದ್ರೆ ಅಲ್ಲಿ ಬೆಳೆ ಇತ್ತು ಅಂತ ಚಿತ್ರ ಹೇಳುತ್ತೆ, ಉತ್ತವರು ಯಾರು, ಬಲವಂತವಾಗಿ ಬಿಡಿಸಿದವರು ಯಾರು ಅಂತ ಹೇಳಲ್ಲ.

ಹಂಗಂತ ಕಂಪ್ಯೂಟರ್ ಬೇಡ ಅಂತ ನಾನು ಹೇಳ್ತಿಲ್ಲ. ಜಗಲಿ ಕಾಲಕ್ಕೆ ವಾಪಸ್ ಹೋಗಕ್ಕೆ ನಮ್ಮಲ್ಲಿ ಯಾರಿಗೂ ಇಷ್ಟ ಇಲ್ಲ. ನಾನು ಹೇಳ್ತಿರೋದು ಇಷ್ಟೇ: ಪ್ರತಿ ಸಲ ದಾಖಲೆ ಒಂದು ಮಷೀನಿಂದ ಇನ್ನೊಂದಕ್ಕೆ ದಾಟೋವಾಗ ನಾವು ಅಲ್ಲಿ ಇರಬೇಕು. ಈಗ ಮತ್ತೊಂದು ದಾಟು ನಡೀತಿದೆ. ‘ಭೂ ಸುರಕ್ಷಾ’ ಅಂತ ತಾಲ್ಲೂಕು ರೆಕಾರ್ಡ್ ರೂಮಿನ ಹಳೇ ಕಡತಗಳನ್ನ ಸ್ಕ್ಯಾನ್ ಮಾಡ್ತಿದ್ದಾರೆ. ಸ್ಕ್ಯಾನ್ ಆಗದ ಕಡತಕ್ಕೆ ನಾಳೆ ಏನು ಗತಿ ಅಂತ ಕಾಲಂ 11 ನಮಗೆ ಕಲಿಸಿದೆ. ಅದಕ್ಕೆ ದಯವಿಟ್ಟು ಈ ಕೆಲಸ ಮಾಡಿ:

1. ನಿಮ್ಮ ಇವತ್ತಿನ ಪಹಣಿ ತೆಗೆಸಿ, ಕಾಲಂ 10 ಮತ್ತು 11 ಓದಿ. ಖಾಲಿ ಇದ್ರೆ ಸುಮ್ಮನಾಗಬೇಡಿ.

2. ಕಂಪ್ಯೂಟರ್ ಬರೋಕೆ ಮುಂಚಿನ ಕೈಬರಹದ ಪಹಣಿ, ಮಂಜೂರಾತಿ ರಿಜಿಸ್ಟರ್, ಸಾಗುವಳಿ ಚೀಟಿಯ ದೃಢೀಕೃತ ನಕಲಿಗೆ ಅರ್ಜಿ ಹಾಕಿ. ಬಾಯಲ್ಲಿ ಕೇಳಬೇಡಿ, ಬರೆದು ಕೊಟ್ಟು ಸ್ವೀಕೃತಿ ತಗೊಳ್ಳಿ.

3. ‘ಲಭ್ಯವಿಲ್ಲ’ ಅಂದ್ರೆ ಹಾಗಂತ ಹಿಂಬರಹ ಕೊಡಿ ಅನ್ನಿ. ಆ ಕಾಗದನೂ ಮುಂದೆ ದಾಖಲೆ.

4. ಸತ್ತವರ ಹೆಸರಲ್ಲಿದ್ರೆ ಪೌತಿ ಖಾತೆ ಮಾಡಿಸಿ. ಹೆಣ್ಣುಮಕ್ಕಳ ಹೆಸರು ಬಿಡಬೇಡಿ. ಬೇರೆಯವರು ನಮಗೆ ಮಾಡಿದ್ದನ್ನ ನಾವು ಅಕ್ಕತಂಗಿಯರಿಗೆ ಮಾಡೋದು ಬೇಡ.

5. ಕೇರಿಯಲ್ಲಿ ಓದು ಬಲ್ಲ ಹುಡುಗ ಹುಡುಗಿಯರು ಒಂದು ಭಾನುವಾರ ಕೂತು ಎಲ್ಲರ ಮನೆಯ ಟ್ರಂಕು ತೆಗೆಸಿ, ಹಳೇ ಕಾಗದಗಳ ಫೋಟೋ ತೆಗೆದಿಡಿ. ಮೊಬೈಲು ಇರೋದೇ ಇಂಥದ್ದಕ್ಕೆ.

ನಮ್ಮ ಆ ಸಹೋದ್ಯೋಗಿಗೆ ನಾಳೆ ಊಟದ ಹೊತ್ತಿಗೆ ಎರಡು ಪಹಣಿ ತೋರಿಸಬೇಕು ಅಂದ್ಕೊಂಡಿದ್ದೀನಿ. ಒಂದು 1985ರದ್ದು, ಒಂದು ಕಂಪ್ಯೂಟರಿನ ಮೊದಲನೇದು. ಜಮೀನು ಅದೇ, ಸರ್ವೆ ನಂಬರೂ ಅದೇ. ಕಾಲಂ 11 ಅವರೇ ಓದಲಿ.

ನಿಮ್ಮ ಊರಲ್ಲೂ ಇಂಥದ್ದು ಆಗಿದ್ರೆ ಕೆಳಗೆ ಬರೀರಿ. ಸರ್ವೆ ನಂಬರ್, ಫೋನ್ ನಂಬರ್ ಇಲ್ಲಿ ಹಾಕಬೇಡಿ, ಒಳಗೆ ಮೆಸೇಜ್ ಮಾಡಿ.

ಜೈ ಭೀಮ್.