10, 12, 14, 15, 18: ಹುಡುಗಿ ‘ದೊಡ್ಡವಳಾಗೋದು’ ಯಾವಾಗ?

ಇವತ್ತಿನ ಎಪಿಸೋಡನ್ನ ಒಂದು ಪದದಿಂದ ಶುರು ಮಾಡ್ತೀನಿ. ‘ದೊಡ್ಡವಳಾದಳು.’

ಹುಡುಗಿ ಮೊದಲ ಸಲ ಮುಟ್ಟಾದಾಗ ನಮ್ಮ ಮನೆಗಳಲ್ಲಿ ಹೇಳೋ ಮಾತಿದು. ಆರತಿ ಮಾಡ್ತಾರೆ, ಚಿಗಳಿ, ಕೊಬ್ಬರಿ ಕೊಡ್ತಾರೆ, ಹೊಸ ಬಟ್ಟೆ ಬರುತ್ತೆ. ಜೊತೆಗೇ ಇನ್ನೊಂದಿಷ್ಟು ಬರುತ್ತೆ: ಬೀದಿಯಲ್ಲಿ ಆಡಬೇಡ, ಜೋರಾಗಿ ನಗಬೇಡ, ಸರಿಯಾಗಿ ಕೂತ್ಕೋ. ನಿನ್ನೆವರೆಗೂ ಕುಂಟೆಬಿಲ್ಲೆ ಆಡ್ತಿದ್ದ ಮಗು ಒಂದೇ ದಿನದಲ್ಲಿ ‘ದೊಡ್ಡವಳು’. ಹುಡುಗರಿಗೆ ಇಂಥದ್ದೊಂದು ದಿನ ಇಲ್ಲ.

ಹಾಗಾದ್ರೆ ಹುಡುಗಿ ನಿಜವಾಗಿ ದೊಡ್ಡವಳಾಗೋದು ಯಾವಾಗ? ನಮ್ಮ ಕಾನೂನು ಈ ಪ್ರಶ್ನೆಗೆ ಕಾಲಕಾಲಕ್ಕೆ ಒಂದೊಂದು ಸಂಖ್ಯೆಯನ್ನ ಉತ್ತರವಾಗಿ ಬರೆದಿದೆ.

ಮೊದಲ ಸಂಖ್ಯೆ 10. 1860ರ ಭಾರತೀಯ ದಂಡ ಸಂಹಿತೆ ಪ್ರಕಾರ ಹೆಂಡತಿಗೆ 10 ವರ್ಷ ತುಂಬಿದ್ರೆ, ಗಂಡ ಬಲವಂತ ಮಾಡಿದ್ರೂ ಅದು ಅತ್ಯಾಚಾರ ಅಲ್ಲ. ಹತ್ತು ವರ್ಷ, ಅಂದ್ರೆ ಈಗಿನ ಐದನೇ ಕ್ಲಾಸು.

ಆ ಕಾಲದಲ್ಲೇ ಮುಂಬೈಯಲ್ಲಿ ರುಕ್ಮಾಬಾಯಿ ಅನ್ನೋ ಹುಡುಗಿಗೆ 11ನೇ ವಯಸ್ಸಿಗೆ ಮದುವೆ ಆಯ್ತು. ಆದರೆ ಆಕೆ ಗಂಡನ ಮನೆಗೆ ಹೋಗಲಿಲ್ಲ, ತಾಯಿ ಮನೆಯಲ್ಲೇ ಉಳಿದು ಓದಿದಳು. 1884ರಲ್ಲಿ ಗಂಡ ದಾದಾಜಿ ಭಿಕಾಜಿ ‘ಹೆಂಡತಿಯನ್ನ ನನ್ನ ಮನೆಗೆ ಕಳಿಸಿ’ ಅಂತ ಕೋರ್ಟಿಗೆ ಹೋದ. ಮೊದಲ ತೀರ್ಪು ರುಕ್ಮಾಬಾಯಿ ಪರ ಬಂತು. ಮೇಲ್ಮನವಿಯ ನಂತರ, 1887ರಲ್ಲಿ, ತೀರ್ಪು ತಿರುಗಿಬಿತ್ತು: ಗಂಡನ ಜೊತೆ ಇರು, ಇಲ್ಲದಿದ್ರೆ ಆರು ತಿಂಗಳು ಜೈಲು. ಆಕೆ ಜೈಲಿಗೇ ಹೋಗ್ತೀನಿ ಅಂದಳು. ಕೊನೆಗೆ 1888ರಲ್ಲಿ ಎರಡು ಸಾವಿರ ರೂಪಾಯಿ ಪಡೆದು ಗಂಡ ರಾಜಿಯಾದ. ತಿಳುವಳಿಕೆ ಇಲ್ಲದ ವಯಸ್ಸಲ್ಲಿ ಬೇರೆಯವರು ಮಾಡಿಸಿದ ಮದುವೆಗೆ ನಾನು ಯಾಕೆ ತಲೆಬಾಗಲಿ ಅನ್ನೋ ಪ್ರಶ್ನೆಯನ್ನ ಸ್ವತಃ ಆ ಹುಡುಗಿಯೇ ಕೇಳಿದ್ದಳು.

ಕೇಳೋ ಅವಕಾಶವೇ ಸಿಗದವರೂ ಇದ್ದರು. ಕಲ್ಕತ್ತಾದ ಫೂಲ್‌ಮಣಿ ದಾಸಿ ಇನ್ನೂ ಹತ್ತು-ಹನ್ನೊಂದರ ಹುಡುಗಿ. ತನಗಿಂತ ಎಷ್ಟೋ ದೊಡ್ಡವನಾದ ಗಂಡನ ಬಲವಂತದಿಂದ ಸತ್ತೇ ಹೋದಳು. 1890ರಲ್ಲಿ ವಿಚಾರಣೆ ನಡೀತು. ಆದರೆ ಹುಡುಗಿಗೆ 10 ದಾಟಿತ್ತಲ್ಲ! ಅತ್ಯಾಚಾರದ ಕಾನೂನು ಅನ್ವಯಿಸಲಿಲ್ಲ. ಬೇರೆ ಸೆಕ್ಷನ್ ಅಡಿ ಅವನಿಗೆ ಸಿಕ್ಕಿದ್ದು ಒಂದು ವರ್ಷದ ಸಜೆ.

ಈ ಎರಡು ಪ್ರಕರಣಗಳ ಬಿಸಿಯಲ್ಲಿ 1891ರಲ್ಲಿ 10 ಅನ್ನೋದು 12 ಆಯ್ತು. ಬರೀ ಎರಡು ವರ್ಷ ಹೆಚ್ಚಿಸಿದ್ದಕ್ಕೆ ದೇಶದಲ್ಲಿ ದೊಡ್ಡ ಗಲಾಟೆ. ಬಾಲಗಂಗಾಧರ ತಿಲಕರಂಥವರೂ ವಿರೋಧಿಸಿದರು. ಪರಕೀಯ ಸರ್ಕಾರ ನಮ್ಮ ಧರ್ಮದ ವಿಷಯಕ್ಕೆ ಕೈ ಹಾಕಬಾರದು ಅನ್ನೋದು ಅವರ ವಾದ. ಬಂಗಾಳದ ಸಂಪ್ರದಾಯಸ್ಥರ ವಾದ ಇನ್ನೂ ನೇರ: ಹುಡುಗಿ ಮುಟ್ಟಾದ ಕೂಡಲೇ ಗರ್ಭಾಧಾನ ಶಾಸ್ತ್ರ ಆಗಲೇಬೇಕು, 12ರವರೆಗೆ ಕಾಯೋಕಾಗಲ್ಲ. ಅಂದ್ರೆ ‘ದೊಡ್ಡವಳಾದಳು, ಇನ್ಯಾಕೆ ತಡ?’ ಅನ್ನೋ ಅದೇ ಮಾತು.

ಗಮನಿಸಿ, ಇದು ಸಂಸಾರದ ವಯಸ್ಸು. ಹಿಂದೂ ಮದುವೆಗೆ ಕನಿಷ್ಠ ವಯಸ್ಸು ಅಂತ ಬ್ರಿಟಿಷ್ ಇಂಡಿಯಾದಲ್ಲಿ ಇನ್ನೂ ಇರಲೇ ಇಲ್ಲ. ಈ ವಿಷಯದಲ್ಲಿ ನಮ್ಮ ಮೈಸೂರು ಸಂಸ್ಥಾನ 1894ರಲ್ಲೇ ಕಾನೂನು ತಂತು. ಆಗ ದಿವಾನರಾಗಿದ್ದವರು ಕೆ. ಶೇಷಾದ್ರಿ ಅಯ್ಯರ್. ಆ ಕಾನೂನು ಏನು ಹೇಳ್ತು ಗೊತ್ತಾ? 8 ವರ್ಷದೊಳಗಿನ ಹುಡುಗಿಗೆ ಮದುವೆ ಮಾಡಬಾರದು. 50 ದಾಟಿದ ಗಂಡಸು 14ರೊಳಗಿನ ಹುಡುಗಿಯನ್ನ ಮದುವೆ ಆಗಬಾರದು. ನಮ್ಮ ಹೆಮ್ಮೆಯ ವಿಷಯ, ಹೌದು. ಆದರೆ ಇಂಥ ಕಾನೂನು ಬೇಕಾಗಿತ್ತು ಅಂದ್ರೆ ಇಂಥ ಮದುವೆಗಳು ನಡೀತಿದ್ದವು ಅಂತಲೇ ಅರ್ಥ.

1929ರಲ್ಲಿ ಶಾರದಾ ಕಾಯ್ದೆ ಹುಡುಗಿಯರ ಮದುವೆ ವಯಸ್ಸನ್ನ 14 ಮಾಡ್ತು. 1949ರಲ್ಲಿ 15, 1978ರಲ್ಲಿ 18. ಕಥೆ ಮುಗೀತು ಅಂದ್ಕೊಂಡ್ರಾ? ಇಲ್ಲ. ದಂಡ ಸಂಹಿತೆಯಲ್ಲಿ ಹೆಂಡತಿಯ ವಯಸ್ಸು 15 ಅಂತಲೇ ಉಳಿದಿತ್ತು. 16ರ ಹುಡುಗಿಯನ್ನ ಮದುವೆ ಆಗೋದು ತಪ್ಪು. ಆದರೆ ಮದುವೆ ಆದಮೇಲೆ ಗಂಡ ಬಲವಂತ ಮಾಡಿದ್ರೆ ಅದು ಅತ್ಯಾಚಾರ ಅಲ್ಲ! ಇದನ್ನ ಸುಪ್ರೀಂ ಕೋರ್ಟ್ 18ಕ್ಕೆ ತಂದಿದ್ದು 2017ರ ಅಕ್ಟೋಬರ್ 11ರಂದು. 10ರಿಂದ 18ಕ್ಕೆ ಬರೋಕೆ 157 ವರ್ಷ ಹಿಡೀತು. ಅದಕ್ಕೂ ಮೊದಲೇ ಕರ್ನಾಟಕ ತಿದ್ದುಪಡಿ ತಂದು, ಇನ್ಮುಂದೆ ಇಲ್ಲಿ ಆಗೋ ಬಾಲ್ಯವಿವಾಹ ಮೊದಲಿಂದಲೇ ಅಸಿಂಧು ಅಂತ ಹೇಳಿತ್ತು.

ಆದರೂ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನೋಡಿ. ರಾಜ್ಯದಲ್ಲಿ 20ರಿಂದ 24 ವಯಸ್ಸಿನ ನೂರು ಹೆಣ್ಣುಮಕ್ಕಳಲ್ಲಿ ಸುಮಾರು 21 ಮಂದಿಗೆ 18 ತುಂಬೋ ಮೊದಲೇ ಮದುವೆ ಆಗಿದೆ. ಕಾನೂನು ಪುಸ್ತಕದಲ್ಲಿರೋದು 18. ಮನೆಯಲ್ಲಿ ನಡೆಯೋದು ಇನ್ನೂ ‘ದೊಡ್ಡವಳಾದಳು’ ಅನ್ನೋ ಲೆಕ್ಕ.

ರುಕ್ಮಾಬಾಯಿ ಮುಂದೇನಾದರು ಗೊತ್ತಾ? ಇಂಗ್ಲೆಂಡಿಗೆ ಹೋಗಿ ಡಾಕ್ಟರ್ ಆಗಿ, ವಾಪಸ್ ಬಂದು ಸೂರತ್, ರಾಜಕೋಟ್‌ಗಳಲ್ಲಿ ದಶಕಗಳ ಕಾಲ ಹೆಂಗಸರಿಗೆ ಚಿಕಿತ್ಸೆ ಕೊಟ್ಟರು. 1955ರಲ್ಲಿ ತೀರಿಕೊಂಡಾಗ ಅವರಿಗೆ 90 ವರ್ಷ. 11ಕ್ಕೇ ದೊಡ್ಡವಳಾಗೋಕೆ ಒಪ್ಪದ ಹುಡುಗಿ, ತನ್ನ ಟೈಮ್ ತಗೊಂಡು ದೊಡ್ಡವಳಾದಳು.

ಮುಂದಿನ ಸಲ ಮನೆಯಲ್ಲಿ ಆರತಿಗೆ ಕರೆದ್ರೆ ಹೋಗಿ, ಚಿಗಳಿ ತಿನ್ನಿ. ಆ ಹುಡುಗಿಗೆ ಮಾತ್ರ ‘ಇನ್ಮೇಲೆ ನೀನು ದೊಡ್ಡವಳು’ ಅನ್ನಬೇಡಿ. ‘ನಾಳೆ ಆಟಕ್ಕೆ ಬರ್ತೀಯಾ?’ ಅಂತ ಕೇಳಿ. ಎಲ್ಲಾದ್ರೂ ಬಾಲ್ಯವಿವಾಹದ ಸುಳಿವು ಸಿಕ್ಕರೆ 1098ಕ್ಕೆ ಕರೆ ಮಾಡಿ. ಮತ್ತೆ ಸಿಗೋಣ.