ಬೆಳಗಾವಿ, ಖಾನಾಪುರದ ಅಡ್ಡಹೆಸರುಗಳು: ಮೂಲ ಮತ್ತು ಅರ್ಥ

ಹೆಸರಿನ ಕೊನೆಯಲ್ಲಿ ಬರುವ ಮನೆತನದ ಹೆಸರಿಗೆ ಉತ್ತರ ಕರ್ನಾಟಕದಲ್ಲಿ ಅಡ್ಡಹೆಸರು ಎನ್ನುತ್ತಾರೆ. ಬೆಳಗಾವಿ ನಗರ ಹಾಗೂ ಖಾನಾಪುರ ತಾಲ್ಲೂಕಿನ ಅಡ್ಡಹೆಸರುಗಳಿಗೆ ಹುದ್ದೆ, ಕಸುಬು, ಊರು ಮತ್ತು ಮಠಗಳೇ ಮುಖ್ಯ ಮೂಲಗಳು.

ಊರಿನ ಮುಖ್ಯಸ್ಥ ಪಾಟೀಲ. ಲೆಕ್ಕ ಬರೆಯುವವ ಕುಲಕರ್ಣಿ. ಪರಗಣೆಯ ಮಟ್ಟದ ಅಧಿಕಾರಿಗಳು ದೇಸಾಯಿ ಮತ್ತು ದೇಶಪಾಂಡೆ. ಇನಾಮದಾರ, ಕಿಲ್ಲೇದಾರ ಮೊದಲಾದವುಗಳಲ್ಲಿರುವ ‘ದಾರ’ ಪಾರಸಿಯದು; ಹೊಂದಿದವನು ಎಂದು ಅದರ ಅರ್ಥ. ಪರಗಣೆ ಹಾಗೂ ಕುಲಕರ್ಣಿ ವತನಗಳನ್ನು ಅಂದಿನ ಮುಂಬಯಿ ರಾಜ್ಯದ 1950ರ ಕಾಯ್ದೆಯೂ, ಉಳಿದ ಗ್ರಾಮಾಧಿಕಾರಗಳನ್ನು 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆಯೂ ಕೊನೆಗೊಳಿಸಿದವು. ಅಧಿಕಾರ ಹೋಯಿತು, ಹೆಸರು ಉಳಿಯಿತು.

ಕಸುಬಿನ ಹೆಸರುಗಳಲ್ಲಿ ಎರಡು ಭಾಷೆಗಳು ಜೊತೆಯಾಗಿ ಸಾಗುತ್ತವೆ. ಕನ್ನಡದ ಬಡಿಗೇರ ಮರಾಠಿಯಲ್ಲಿ ಸುತಾರ. ಕಂಬಾರ ಅಲ್ಲಿ ಲೋಹಾರ. ಜಿಲ್ಲೆಯ ಘೋಡಗೇರಿಯವರಾದ, 2010ನೇ ಸಾಲಿನ ಜ್ಞಾನಪೀಠ ಪುರಸ್ಕೃತ ಚಂದ್ರಶೇಖರ ಕಂಬಾರರ ಅಡ್ಡಹೆಸರು ಈ ಕಸುಬಿನದೇ. ದೂರದ ಆರ್ಮೇನಿಯದಲ್ಲಿಯೂ ಇದೇ ಕ್ರಮವಿದೆ: ‘ದರ್ಬಿನ್’ ಎಂದರೆ ಕಮ್ಮಾರ, ದರ್ಬಿನ್ಯಾನ್ ಎಂದರೆ ಕಮ್ಮಾರನ ಮನೆಯವನು. ಗೋವೆಗೆ ಹೊಂದಿಕೊಂಡ ಖಾನಾಪುರದ ಕ್ರೈಸ್ತ ಕುಟುಂಬಗಳಲ್ಲಿ ಕಾಣುವ ಫರ್ನಾಂಡಿಸ್ ಎಂಬುದಕ್ಕೂ ಪೋರ್ಚುಗೀಸಿನಲ್ಲಿ ಫರ್ನಾಂಡೊನ ಮಗ ಎಂದೇ ಅರ್ಥ.

ಊರಿಗೆ ಮರಾಠಿಯ ‘ಕರ’ ಪ್ರತ್ಯಯ ಸೇರಿದರೆ ಆ ಊರಿನವರು ಎಂದಾಗುತ್ತದೆ: ಖಾನಾಪುರಕರ, ನಂದಗಡಕರ, ಬೆಳಗಾಂವಕರ. 2014ರ ನವೆಂಬರ್ 1ರಂದು ನಗರದ ಅಧಿಕೃತ ಹೆಸರು ಬೆಳಗಾವಿ ಎಂದಾದರೂ ಅಡ್ಡಹೆಸರಿನಲ್ಲಿ ಹಳೆಯ ರೂಪವೇ ನಿಂತಿದೆ. ಹಿರೇಮಠ, ಚಿಕ್ಕಮಠ ಮುಂತಾದವು ಸಾಮಾನ್ಯವಾಗಿ ಜಂಗಮ ಮನೆತನಗಳವು. 1924ರಲ್ಲಿ ಬೆಳಗಾವಿ ಬಳಿಯ ಸುಳೇಭಾವಿಯಲ್ಲಿ ಜನಿಸಿದ ಗಾಯಕ ಕುಮಾರ ಗಂಧರ್ವರ ಮೂಲ ಹೆಸರು ಶಿವಪುತ್ರ ಸಿದ್ದರಾಮಯ್ಯ ಕೊಂಕಾಳಿಮಠ.

ಗಡಿ ವಿವಾದದ ಈ ನೆಲದಲ್ಲಿ ಅಡ್ಡಹೆಸರು ಕೇಳಿ ಮಾತೃಭಾಷೆಯನ್ನು ನಿರ್ಧರಿಸುವವರುಂಟು. ಇದು ಸರಿಯಲ್ಲ. ಪಾಟೀಲರು ಕನ್ನಡಿಗರಲ್ಲಿಯೂ ಮರಾಠಿಗರಲ್ಲಿಯೂ ಇದ್ದಾರೆ. ಲಿಂಗಾಯತರಲ್ಲಿ, ಜೈನರಲ್ಲಿ, ಮುಸ್ಲಿಮರಲ್ಲಿಯೂ ಇದ್ದಾರೆ. ಇನಾಮದಾರರು ಹಿಂದೂಗಳೂ ಹೌದು, ಮುಸ್ಲಿಮರೂ ಹೌದು. ಪೂರ್ವಿಕರು ಮಾಡಿದ ಕೆಲಸವನ್ನೋ ಅವರು ಬಿಟ್ಟುಬಂದ ಊರನ್ನೋ ಅಡ್ಡಹೆಸರು ಸೂಚಿಸಬಲ್ಲದು. ಇಂದು ಆ ಮನೆಯಲ್ಲಿ ಯಾವ ಭಾಷೆ ಆಡುತ್ತಾರೆಂಬುದನ್ನು ಅದು ಹೇಳಲಾರದು.